ಹೊಗೆಕೊಳವೆಯ ಮೇಲೊಂದು ಮುಳ್ಳು

ಕಾರವಾರ, ಅಂಕೋಲೆಯ ಮಳೆಗಾಲದಲ್ಲಿ ಸೌದೆ ಪೂರ್ತಿ ಒಣಗುವುದೇ ಇಲ್ಲ. ಹಸಿ ಗಾಳಿಮರ ಬಚ್ಚಲೊಲೆಯಲ್ಲಿ ಸೊಂಯ್ ಎನ್ನುತ್ತಾ ಹೊಗೆ ಉಗುಳುತ್ತದೆ. ಆ ಹೊಗೆ ತಣ್ಣನೆಯ ಕೊಳವೆಗೆ ಡಾಂಬರಿನಂತೆ ಅಂಟುತ್ತದೆ. ಇದನ್ನು ಮೊದಲೇ ತಿಳಿಸುವ ಕೊಳವೆ ಥರ್ಮಾಮೀಟರ್ ಎಂದರೆ ನನಗೆ ಬಲು ಮೆಚ್ಚು. ಬ್ಯಾಟರಿಯಿಲ್ಲ, ತಂತಿಯಿಲ್ಲ. ಬಿಲ್ಲೆಯ ಹಿಂದೆ ಎರಡು ಲೋಹ ಬೆಸೆದ ಪುಟ್ಟ ಸುರುಳಿ. ಕಾದಾಗ ಒಂದು ಲೋಹ ಇನ್ನೊಂದಕ್ಕಿಂತ ಹೆಚ್ಚು ಹಿಗ್ಗಿ, ಸುರುಳಿ ತಿರುಚಿಕೊಂಡು ಮುಳ್ಳನ್ನು ನೂಕುತ್ತದೆ. ಕೂರಿಸುವುದರಲ್ಲಿದೆ ಕೈಚಳಕ: ಒಲೆಯಿಂದ ಸುಮಾರು 45 ಸೆಂಟಿಮೀಟರ್ ಮೇಲೆ, ಒಂಟಿ ಪದರದ ಕಬ್ಬಿಣದ ಕೊಳವೆಯ ತುಕ್ಕು ಉಜ್ಜಿ ತೆಗೆದ ಜಾಗದಲ್ಲಿ. ಉಪ್ಪುಗಾಳಿಯ ಊರಲ್ಲಿ ಉಜ್ಜದಿದ್ದರೆ ಬಿಲ್ಲೆಯ ಬೆನ್ನಿಗಿರುವ ಆಯಸ್ಕಾಂತ ಸರಿಯಾಗಿ ಕಚ್ಚದು. ಟಕ್ಕೆಂದು ಕೂತಿತೋ, ಕೆಲಸ ಮುಗಿಯಿತು. ಮುಳ್ಳು ಸುಮಾರು 120ರಿಂದ 240 ಡಿಗ್ರಿ ಸೆಲ್ಸಿಯಸ್ ನಡುವೆ ನಿಂತರೆ ಉರಿ ಹದವಾಗಿದೆ ಎಂದರ್ಥ. ಸಿಮೆಂಟ್ ಕೊಳವೆಗೆ ಇದು ಹಿಡಿಯದು. ಕಬ್ಬಿಣದ್ದಿರುವವರು ಒಂದನ್ನು ಹಚ್ಚಿ ನೋಡಿ.