ಇಟಗಿಯ ಕಲ್ಲು ಯಾವ ಬಣ್ಣ?

ಇಂಕ್‌ಜೆಟ್ ಪ್ರಿಂಟರ್ ಪರೀಕ್ಷೆ ಮಾಡುವವರು ಸಾಮಾನ್ಯವಾಗಿ ಹೂವನ್ನೋ ಮಗುವಿನ ಮುಖವನ್ನೋ ಅಚ್ಚು ಹಾಕಿ ನೋಡುತ್ತಾರೆ. ನಾನು ಇಟಗಿಯ ಮಹಾದೇವ ದೇವಾಲಯದ ಒಂದು ಕಂಬವನ್ನು ಹಾಕುತ್ತೇನೆ. ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ, ಶಾಸನವೇ ‘ದೇವಾಲಯ ಚಕ್ರವರ್ತಿ’ ಎಂದು ಕರೆದ ಗುಡಿ ಅದು. ಬಳಪದ ಕಲ್ಲು, ಬೂದು ಬಣ್ಣ. ಹೂವಿನ ಕೆಂಪು ಒಂದಿಷ್ಟು ಹೆಚ್ಚುಕಡಿಮೆಯಾದರೆ ಯಾರೂ ಕೇಳುವುದಿಲ್ಲ. ಬೂದು ಹಾಗೆ ಬಿಡುವುದಿಲ್ಲ. ಮನೆಬಳಕೆಯ ಸಾಮಾನ್ಯ ಪ್ರಿಂಟರಿನಲ್ಲಿ ಬೂದು ಶಾಯಿ ಅಂತ ಇಲ್ಲ. ಸಯಾನ್, ಮಜೆಂಟಾ, ಹಳದಿ ಚುಕ್ಕೆಗಳು ಹದವಾಗಿ ಬಿದ್ದಾಗ ಕಣ್ಣಿಗೆ ಬೂದು ಕಾಣುತ್ತದೆ. ಒಂದು ಮುಂದಾಯಿತೋ, ಕಂಬಕ್ಕೆ ಪಾಚಿ ಕಟ್ಟುತ್ತದೆ. ಇನ್ನೊಂದು ಮುಂದಾಯಿತೋ, ಯಾರೋ ಕುಂಕುಮದ ಕೈ ಒರೆಸಿದಂತಾಗುತ್ತದೆ.

ನನ್ನದು ವಿಂಡೋಸ್ ಎಕ್ಸ್‌ಪಿಯ ಕಂಪ್ಯೂಟರ್, 256 ಎಂಬಿ ರ‍್ಯಾಮ್. ಮೊದಲ ಸಲ ಕಂಬದ ತುಂಬ ಅಡ್ಡ ಗೆರೆಗಳು ಬಂದಾಗ ಕಂಪ್ಯೂಟರನ್ನೇ ರಿಪೇರಿಗೆ ಒಯ್ದಿದ್ದೆ. “ಸರ, ಇದನ್ ಗುಜರಿಗೆ ಹಾಕ್ರಿ, ಹೊಸಾದ್ ತಗೋರಿ” ಅಂದ ಹುಡುಗ. ತಪ್ಪು ರೋಗಕ್ಕೆ ತುಟ್ಟಿ ಔಷಧ. ಯಾವ ಚುಕ್ಕೆ ಎಲ್ಲಿ ಬೀಳಬೇಕೆಂದು ಬಹುಪಾಲು ಲೆಕ್ಕ ಹಾಕುವುದು ಪ್ರಿಂಟರಲ್ಲ, ಕಂಪ್ಯೂಟರಿನೊಳಗಿನ ಡ್ರೈವರ್. ಅದೇ ಡ್ರೈವರ್ ಹಳೆಯ ಯಂತ್ರದಲ್ಲೂ ಅದೇ ಲೆಕ್ಕ ಹಾಕುತ್ತದೆ, ನಿಧಾನವಾಗಿ. ಎ4 ಹಾಳೆಯ ಚಿತ್ರ 300 ಡಿಪಿಐಗೆ ಬಿಚ್ಚಿದರೆ ಸುಮಾರು 26 ಎಂಬಿ. 600ಕ್ಕೆ ಏರಿಸಿದರೆ 104. ಅಷ್ಟು ಭಾರ ಹೊತ್ತ ಯಂತ್ರ ಏದುಸಿರು ಬಿಡುವಾಗ ಪ್ರಿಂಟರಿನ ಶಾಯಿ ಬಿಡುವ ಹೆಡ್ ಹಾಳೆಯ ನಡುವೆ ನಿಂತು ಕಾಯುತ್ತದೆ. ಅಷ್ಟರಲ್ಲಿ ಮೊದಲ ಸಾಲಿನ ಶಾಯಿ ಒಣಗಿ, ಮುಂದಿನ ಸಾಲು ಅದರ ಜೊತೆ ಬೆರೆಯದೆ ಗೆರೆಯಾಗಿ ಉಳಿಯುತ್ತದೆ.

ಹಾಗಾಗಿ ನಾನು ಫೋಟೊವನ್ನು ಮೊದಲೇ 300 ಡಿಪಿಐಗೆ ಇಳಿಸಿಕೊಳ್ಳುತ್ತೇನೆ. 4x6 ಇಂಚಿಗೆ 1200x1800 ಪಿಕ್ಸೆಲ್ ಸಾಕು. ಪ್ರಿಂಟರಿನ ಅಡ್ವಾನ್ಸ್ಡ್ ಪುಟದಲ್ಲಿ, ಕೊನೆಯ ಪುಟ ಪೂರ್ತಿ ಸ್ಪೂಲ್ ಆದಮೇಲೆ, ಎಂದರೆ ಕಂಪ್ಯೂಟರಿನಲ್ಲಿ ಸಾಲುಗಟ್ಟಿ ನಿಂತಮೇಲೆ, ಮಾತ್ರ ಅಚ್ಚು ಶುರುವಾಗಲಿ ಎಂಬ ಆಯ್ಕೆ ಇದೆ. ಅದಕ್ಕೆ ಗುರುತು ಹಾಕುತ್ತೇನೆ. ಡ್ರೈವರಿನಲ್ಲಿ ಹೈಸ್ಪೀಡ್ ಎಂಬುದರ ಗುರುತು ತೆಗೆಯುತ್ತೇನೆ, ಆಗ ಹೆಡ್ ಒಂದೇ ದಿಕ್ಕಿನಲ್ಲಿ ಶಾಯಿ ಬಿಡುತ್ತದೆ. ಆಮೇಲೆ ಎದ್ದು ಚಹಾ ಕುಡಿಯಲು ಹೋಗುತ್ತೇನೆ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದ್ದು 2014ರ ಏಪ್ರಿಲ್‌ನಲ್ಲಿ. ಅದಕ್ಕೆ ಇಂಟರ್‌ನೆಟ್ ತಂತಿ ಚುಚ್ಚದಿರುವುದೇ ಒಳ್ಳೆಯದು, ಫೋಟೊ ಪೆನ್‌ಡ್ರೈವಿನಲ್ಲಿ ಬಂದರಾಯಿತು. ಹಾಗೆಯೇ ಆ ಕಂಪ್ಯೂಟರಿಗೆ ಹೊಚ್ಚ ಹೊಸ ಪ್ರಿಂಟರ್ ತರುವ ಹುಚ್ಚೂ ಬೇಡ. ಡ್ರೈವರ್ ಸಿಗದೆ ಅದು ಟವೆಲ್ ಹೊದ್ದು ಕೂತಿರುತ್ತದೆ.

ಇನ್ನು ಹಾಳೆ. ಇದನ್ನು ತಿಳಿಯಬೇಕಾದರೆ ಕೊಪ್ಪಳದ ಪಕ್ಕದ ಕಿನ್ನಾಳಕ್ಕೆ ಹೋಗಿಬನ್ನಿ. ಅಲ್ಲಿನ ಚಿತ್ರಗಾರರು ಹಗುರ ಕಟ್ಟಿಗೆಯ ಗೊಂಬೆಗೆ ನೇರವಾಗಿ ಬಣ್ಣ ಬಳಿಯುವುದಿಲ್ಲ. ಸೆಣಬಿನ ಚಿಂದಿಯ ಪುಡಿ, ಕಟ್ಟಿಗೆ ಹೊಟ್ಟು, ಹುಣಸೆಬೀಜದ ಅಂಟು ಕಲೆಸಿದ ಕಿಟ್ಟವನ್ನು ಮೈಗೆಲ್ಲ ಮೆತ್ತಿ, ಅದರ ಮೇಲೆ ಅರಿವೆಯ ತುಣುಕು ಅಂಟಿಸಿ, ಮತ್ತೆ ಬೆಣಚಿಕಲ್ಲಿನ ಪುಡಿಯ ಲೇಪ ಕೊಟ್ಟು, ಆಮೇಲೆ ಕುಂಚ ಹಿಡಿಯುತ್ತಾರೆ. ಬರೀ ಕಟ್ಟಿಗೆ ಬಣ್ಣ ಹೀರುತ್ತದೆ. ಲೇಪ ಅದನ್ನು ಮೇಲೆಯೇ ಹಿಡಿದು ನಿಲ್ಲಿಸುತ್ತದೆ. ಫೋಟೊ ಹಾಳೆಯ ಮೇಲಿನ ನುಣುಪು ಮಾಡುವುದೂ ಇದೇ ಕೆಲಸ: ಸಿಲಿಕಾದಂಥ ಸಣ್ಣ ಪುಡಿಯ ಲೇಪ. ಜೆರಾಕ್ಸ್ ಅಂಗಡಿಯ 75 ಜಿಎಸ್‌ಎಂ ಹಾಳೆಗೆ ಆ ಲೇಪವಿಲ್ಲ. ಶಾಯಿ ನಾರಿನೊಳಗೆ ಇಳಿದು ಹರಡುತ್ತದೆ, ಕಂಬದ ಕೆತ್ತನೆ ಕಲಸಿಹೋಗುತ್ತದೆ. ಲಗ್ನಪತ್ರಿಕೆ ಅಚ್ಚು ಹಾಕಿದವರಿಗೆ ಇದು ಗೊತ್ತು, ಸಣ್ಣ ಅಕ್ಷರದ ಒತ್ತುಗಳೆಲ್ಲ ತುಂಬಿಕೊಂಡು ‘ಲಕ್ಷ್ಮಿ’ಯ ಕಾಲಡಿ ಒಂದು ಕಪ್ಪು ಗುಂಡು ಉಳಿದಿರುತ್ತದೆ.

ಒಳ್ಳೆಯ ಹಾಳೆ ತಂದವರೂ ಒಂದು ತಪ್ಪು ಮಾಡುತ್ತಾರೆ. ಡ್ರೈವರಿನಲ್ಲಿ ‘ಪ್ಲೇನ್ ಪೇಪರ್’ ಎಂದೇ ಬಿಟ್ಟಿರುತ್ತಾರೆ. ಯಾವ ಹಾಳೆಗೆ ಎಷ್ಟು ಶಾಯಿ ಎಂಬುದು ಆ ಒಂದು ಸಾಲಿನ ಮೇಲೆ ನಿಂತಿದೆ. ಅದನ್ನು ಬದಲಿಸದೆ ಬಣ್ಣ ತಿದ್ದಲು ಕೂತವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ.

ನಮ್ಮ ಬಿಸಿಲಿನ ಮಾತು ಬೇರೆ. ಏಪ್ರಿಲ್‌ನಲ್ಲಿ ಕುಷ್ಟಗಿ, ಯಲಬುರ್ಗಾ ಕಡೆಯ ಒಣಗಾಳಿಗೆ ನಾಲ್ಕು ದಿನ ಸುಮ್ಮನಿದ್ದ ಹೆಡ್ಡಿನ ತೂತು ಮುಚ್ಚಿಕೊಳ್ಳುತ್ತದೆ. ಗಂಗಾವತಿಯ ಕಾಲುವೆ ಸೀಮೆಯಲ್ಲಿ ಮಳೆಗಾಲಕ್ಕೆ ಹಾಳೆಯೇ ತಂಪು ಹಿಡಿದು ಮುದುರುತ್ತದೆ, ಪ್ಯಾಕೆಟ್ಟಿನ ಬಾಯಿ ಕಟ್ಟಿಡಬೇಕು. ಹೆಡ್ ಒಣಗುವುದಕ್ಕೆ ದೊಡ್ಡ ಕಾರಣ ಗೋಡೆಯ ಸ್ವಿಚ್. ಪ್ರಿಂಟರಿನ ಗುಂಡಿ ಒತ್ತಿ ಆರಿಸಿದರೆ ಹೆಡ್ ತನ್ನ ಮೂಲೆಗೆ ಹೋಗಿ ರಬ್ಬರಿನ ಮುಚ್ಚಳದ ಮೇಲೆ ಕೂರುತ್ತದೆ. ಗೋಡೆಯ ಸ್ವಿಚ್ ಆರಿಸಿದರೆ, ಅಥವಾ ಅಚ್ಚಿನ ನಡುವೆ ಕರೆಂಟ್ ಹೋದರೆ, ಬಾಯಿ ತೆರೆದು ನಿಂತಲ್ಲೇ ನಿಂತುಬಿಡಬಹುದು. ಕರೆಂಟ್ ಬಂದ ಕೂಡಲೇ ಒಮ್ಮೆ ಹಚ್ಚಿ ಗುಂಡಿಯಿಂದಲೇ ಆರಿಸಿ. ವಾರಕ್ಕೆರಡು ಸಲ ಕಪ್ಪೂ ಸೇರಿ ನಾಲ್ಕೂ ಬಣ್ಣದ ಸಣ್ಣದೊಂದು ಚಿತ್ರ ತೆಗೆಯಿರಿ. ತೂತು ಮುಚ್ಚಿಕೊಂಡರೂ ಹೆಡ್ ಕ್ಲೀನಿಂಗ್ ಒಂದರ ಹಿಂದೊಂದು ಎರಡು ಸಲಕ್ಕಿಂತ ಹೆಚ್ಚು ಬೇಡ, ತೊಳೆದ ಶಾಯಿಯೆಲ್ಲ ಒಳಗಿನ ಪ್ಯಾಡಿಗೆ ಹೋಗುತ್ತದೆ. ಒಂದು ರಾತ್ರಿ ಬಿಟ್ಟು ನೋಡಿದರೆ ಎಷ್ಟೋ ಸಲ ತಾನೇ ಬಿಟ್ಟುಕೊಂಡಿರುತ್ತದೆ.

ಇಷ್ಟಾದ ಮೇಲೂ ನನ್ನ ಕಂಬಕ್ಕೆ ಪಾಚಿ ಇತ್ತು. ಸಿರಿಂಜಿನಿಂದ ತುಂಬಿದ ಅಗ್ಗದ ಶಾಯಿಯ ಕೆಲಸ. ಮಜೆಂಟಾ ಒಂದೊಂದೇ ಮೆಟ್ಟಿಲು ಏರಿಸಿ, ಒಂದೇ ಹಾಳೆಯಲ್ಲಿ ಬೆರಳಗಲದ ಐದು ಪಟ್ಟಿ ತೆಗೆದೆ. ರಾತ್ರಿ ಟ್ಯೂಬ್‌ಲೈಟಿನ ಕೆಳಗೆ ಮೂರನೆಯದು ಸರಿ ಅನ್ನಿಸಿತು. ಬೆಳಗ್ಗೆ ಪಡಸಾಲೆಗೆ ತಂದು ಬಿಸಿಲಿಲ್ಲದ ಬೆಳಕಿನಲ್ಲಿ ಹಿಡಿದರೆ ಅದಕ್ಕೆ ಕುಂಕುಮ ಹತ್ತಿತ್ತು. ಎರಡನೆಯದೇ ಇಟಗಿಯ ಕಲ್ಲು. ಚೌಕಟ್ಟಿಗೆ ಹಾಕುವ ಮುಂಚೆ ಒಂದಿಡೀ ದಿನ ಹಾಗೇ ಬಿಟ್ಟೆ. ಹಸಿ ಇದ್ದಾಗ ಗಾಜು ಮುಚ್ಚಿದರೆ ಒಳಗೆ ಮಂಜು ಕಟ್ಟುತ್ತದೆ.