ತನ್ನತ್ತಲೇ ತಿರುಗಿದ ನಗೆ

ಹಾಸ್ಯವನ್ನು ವಿಮರ್ಶಿಸುವಾಗ ನಾನು ಮೊದಲು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಈ ನಗೆ ಯಾರ ಮೇಲೆ ಬೀಳುತ್ತದೆ? ಎರಡು ಭಾಷೆಗಳ ನಡುವೆ ಬಾಳುವ ಗಡಿನಾಡಿನವರಾದ ನಮಗೆ ಇದು ಬರಿಯ ಕಾವ್ಯಮೀಮಾಂಸೆಯ ಪ್ರಶ್ನೆಯಲ್ಲ. ನೆರೆಯವನ ಉಚ್ಚಾರವನ್ನು ಅಣಕಿಸಿ ನಗಿಸುವುದು ಎಷ್ಟು ಸುಲಭ, ಅದರ ಕಹಿ ಎಷ್ಟು ಕಾಲ ಉಳಿಯುತ್ತದೆ ಎಂಬುದನ್ನು ನಾವು ಬಲ್ಲೆವು. ಈ ದೃಷ್ಟಿಯಿಂದ ನೋಡಿದಾಗ ಅಮೆರಿಕದ ಹಾಸ್ಯ ಬರಹಗಾರ ಹಾಗೂ ಟಿ.ವಿ. ಕಲಾವಿದ ಕೋನನ್ ಓಬ್ರಯನ್ ಅವರ ಸುಮಾರು ನಾಲ್ಕು ದಶಕಗಳ ಕೆಲಸ ನನಗೆ ಮುಖ್ಯವೆನಿಸುತ್ತದೆ.

ತಡರಾತ್ರಿಯ ಹಾಸ್ಯ ಕಾರ್ಯಕ್ರಮ ಅಮೆರಿಕದ ಟಿ.ವಿ.ಯಲ್ಲಿ ಒಂದು ಪ್ರತ್ಯೇಕ ಪ್ರಕಾರ. ನಿರೂಪಕ ದಿನದ ಸುದ್ದಿಯನ್ನು ಹಿಡಿದು ಚಟಾಕಿ ಹಾರಿಸುತ್ತಾನೆ, ಬಳಿಕ ಮೇಜಿನ ಹಿಂದೆ ಕುಳಿತು ಅತಿಥಿಗಳೊಡನೆ ಹರಟುತ್ತಾನೆ, ಪಕ್ಕದಲ್ಲಿ ವಾದ್ಯವೃಂದವಿರುತ್ತದೆ. ನಮ್ಮ ಯಕ್ಷಗಾನದ ಹಾಸ್ಯಗಾರನಂತೆ ಅಲ್ಲಿಯೂ ಎಲ್ಲ ಆಶುಮಾತೇ ಎಂದು ಕಂಡರೂ ಅದರ ಬಹುಪಾಲನ್ನು ತೆರೆಯ ಹಿಂದಿನ ಬರಹಗಾರರ ತಂಡ ಬರೆದಿರುತ್ತದೆ. ಓಬ್ರಯನ್ ಬಂದದ್ದು ಆ ತೆರೆಯ ಹಿಂದಿನಿಂದ.

1963ರಲ್ಲಿ ಮ್ಯಾಸಚೂಸೆಟ್ಸ್‌ನ ಬ್ರೂಕ್‌ಲೈನ್‌ನಲ್ಲಿ ಹುಟ್ಟಿದ ಅವರು ಹಾರ್ವರ್ಡ್‌ನಲ್ಲಿ ಓದುವಾಗಲೇ ಅಲ್ಲಿನ ‘ಲ್ಯಾಂಪೂನ್’ ಎಂಬ ಹಾಸ್ಯಪತ್ರಿಕೆಯ ಅಧ್ಯಕ್ಷರಾಗಿದ್ದರು. 1988ರಿಂದ 1991ರ ವರೆಗೆ ‘ಸ್ಯಾಟರ್ಡೇ ನೈಟ್ ಲೈವ್’ಗೂ ಆಮೇಲೆ ‘ದ ಸಿಂಪ್ಸನ್ಸ್’ಗೂ ಬರೆದರು. 1993ರ ಜನವರಿಯಲ್ಲಿ ಪ್ರಸಾರವಾದ ಮಾನೊರೈಲಿನ ಕಂತು ಅವರ ಲೇಖನಿಯ ಶಕ್ತಿಗೆ ಒಳ್ಳೆಯ ನಿದರ್ಶನ. ದಂಡದ ರೂಪದಲ್ಲಿ ಬಂದ 30 ಲಕ್ಷ ಡಾಲರಿನಿಂದ ಹೊಂಡ ಬಿದ್ದ ಬೀದಿಯನ್ನು ರಿಪೇರಿ ಮಾಡಿಸಬಹುದಾಗಿದ್ದ ಊರೊಂದು, ಠಕ್ಕನೊಬ್ಬನ ಹಾಡಿಗೆ ಮರುಳಾಗಿ ಯಾರಿಗೂ ಬೇಕಿಲ್ಲದ ರೈಲನ್ನು ಕಟ್ಟಿಸುತ್ತದೆ. ಇಲ್ಲಿ ಠಕ್ಕನಿಗಿಂತಲೂ ಹೆಚ್ಚಾಗಿ ನಗೆಗೀಡಾಗುವುದು ಅವನಿಗೆ ಚಪ್ಪಾಳೆ ತಟ್ಟಿದ ಊರು. ಆ ಊರಿನಲ್ಲಿ ತನ್ನ ಊರನ್ನು ಕಾಣದ ಪ್ರೇಕ್ಷಕ ಇರಲಾರ.

ಅದೇ ವರ್ಷ ಡೇವಿಡ್ ಲೆಟರ್‌ಮನ್ ಎನ್‌ಬಿಸಿಯನ್ನು ತೊರೆದು ಸಿಬಿಎಸ್ ಸೇರಿದಾಗ, ಅವರಿಂದ ತೆರವಾದ ‘ಲೇಟ್ ನೈಟ್’ನ ಕುರ್ಚಿ ಮೂವತ್ತರ ಹರೆಯದ, ಜನರಿಗೆ ಮುಖಪರಿಚಯವಿಲ್ಲದ ಈ ಬರಹಗಾರನಿಗೆ ದೊರೆಯಿತು. ಆರಂಭದಲ್ಲಿ ವಿಮರ್ಶಕರು ಕಟುವಾಗಿ ಬರೆದರು. ವಾಹಿನಿಯಾದರೋ ಅಲ್ಪಾವಧಿಯ ಕರಾರುಗಳಲ್ಲಿ ಅವರನ್ನು ತೂಗುಹಾಕಿತ್ತು. ಓಬ್ರಯನ್ ತಮ್ಮ ಮುಜುಗರವನ್ನು ಮುಚ್ಚಿಡದೆ ಅದನ್ನೇ ಹಾಸ್ಯದ ವಸ್ತುವಾಗಿಸಿದರು. ಉದ್ದದ ಕೈಕಾಲು, ಕೆಂಚುಗೂದಲು, ಸೋತ ಚಟಾಕಿ ಎಲ್ಲವೂ ಬಂಡವಾಳವಾದವು. ಸಹನಟ ಆಂಡಿ ರಿಕ್ಟರ್ ಅವರೊಡನೆ ಮುಖದ ಕೆಳಗೆ ಟಾರ್ಚು ಹಿಡಿದು 2000ನೇ ಇಸವಿಯ ಭವಿಷ್ಯ ನುಡಿಯುವ ಪ್ರಹಸನವೊಂದಿತ್ತು. 2000 ಕಳೆದುಹೋದ ಮೇಲೂ ಅದೇ ಹೆಸರಿನಲ್ಲಿ ಅದು ಮುಂದುವರಿಯಿತು! ಮೊಂಡುತನದ ಈ ಅಸಂಬದ್ಧತೆಯೇ ಅವರ ಶೈಲಿಯ ತಿರುಳು.

ಬರಹಗಾರರ ಮುಷ್ಕರದ ಕಾಲದಲ್ಲಿ ಈ ಶೈಲಿ ಕಠಿಣ ಪರೀಕ್ಷೆಗೊಳಗಾಯಿತು. 2007ರ ನವೆಂಬರಿನಲ್ಲಿ ಮುಷ್ಕರ ಆರಂಭವಾದಾಗ, ಕಾರ್ಯಕ್ರಮ ನಿಂತು ಕೆಲಸವಿಲ್ಲದಂತಾದ ಇತರ ಸಿಬ್ಬಂದಿಗೆ ಅವರು ತಮ್ಮ ಕೈಯಿಂದಲೇ ಸಂಬಳ ಕೊಟ್ಟರು. 2008ರ ಜನವರಿಯಲ್ಲಿ ಬರಹಗಾರರಿಲ್ಲದೆಯೇ ವೇದಿಕೆಗೆ ಮರಳಿದಾಗ ಮುಖದಲ್ಲಿ ಗಡ್ಡ, ಕೈಯಲ್ಲಿ ಮದುವೆಯ ಉಂಗುರ. ಉಂಗುರವನ್ನು ಮೇಜಿನ ಮೇಲೆ ಬುಗುರಿಯಂತೆ ತಿರುಗಿಸಿ ಎಷ್ಟು ಸೆಕೆಂಡು ನಿಲ್ಲುತ್ತದೆಂದು ಎಣಿಸಿದರು. ಬರಹ ಹಿಂದೆಗೆದರೆ ಉಳಿಯುವ ಶೂನ್ಯವನ್ನೇ ಪ್ರೇಕ್ಷಕರೆದುರು ಇಟ್ಟು ನಗಿಸಿದ ಈ ದೃಶ್ಯಕ್ಕಿಂತ ದೊಡ್ಡ ಗೌರವವನ್ನು ಬರಹಗಾರನ ವೃತ್ತಿಗೆ ಯಾವ ಭಾಷಣವೂ ಸಲ್ಲಿಸಿರಲಾರದು.

2009ರ ಜೂನ್‌ನಲ್ಲಿ ‘ದ ಟುನೈಟ್ ಶೋ’ ಅವರ ಪಾಲಿಗೆ ಬಂತು. ಎಂಟು ತಿಂಗಳು ತುಂಬುವ ಮೊದಲೇ ಎನ್‌ಬಿಸಿ ಜೇ ಲೆನೊ ಅವರನ್ನು ರಾತ್ರಿ 11.35ಕ್ಕೆ ಮರಳಿಸಿ, ಇವರನ್ನು 12.05ಕ್ಕೆ ತಳ್ಳಲು ಹೊರಟಿತು. ನಡುರಾತ್ರಿ ದಾಟಿದ ‘ಟುನೈಟ್ ಶೋ’ ತನ್ನ ಪರಂಪರೆಗೇ ಎರವಾಗುತ್ತದೆಂದು ನಿರಾಕರಿಸಿ, 2010ರ ಜನವರಿ 22ರಂದು ಅವರು ಕೊನೆಯ ಕಾರ್ಯಕ್ರಮ ನೀಡಿದರು. ಹದಿನಾರು ವರ್ಷ ಆ ಪ್ರಕಾರವನ್ನೇ ಗೇಲಿ ಮಾಡಿದವರಿಗೆ ಅದರ ಒಡೆಯರಿಗಿಂತ ಹೆಚ್ಚಿನ ಶ್ರದ್ಧೆಯಿತ್ತು! ಕೋಟಿಗಟ್ಟಲೆ ಡಾಲರ್ ಪರಿಹಾರ ಪಡೆದವರನ್ನು ಹುತಾತ್ಮರೆನ್ನುವುದು ಅತಿಯಾದೀತು. ಆದರೂ ಆ ರಾತ್ರಿ ಯುವ ಪ್ರೇಕ್ಷಕರಿಗೆ ಸಿನಿಕರಾಗಬೇಡಿರೆಂದು ಬೇಡಿಕೊಂಡದ್ದು ಪೊಳ್ಳಾಗಿ ಕೇಳಿಸಲಿಲ್ಲ.

ಒಂದು ಆಕ್ಷೇಪಣೆಯನ್ನು ಇಲ್ಲಿ ಎತ್ತಲೇಬೇಕು. ರಾಜನನ್ನೂ ಬಿಡದೆ ಹಾಸ್ಯ ಮಾಡುವ ಹಕ್ಕು ಚಾಕ್ಯಾರ್ ಕೂತ್ತಿನ ಕಲಾವಿದನಿಗಿತ್ತು. ತನ್ನನ್ನೇ ಹಾಸ್ಯ ಮಾಡಿಕೊಳ್ಳುವವನು ಅಧಿಕಾರವನ್ನು ಪ್ರಶ್ನಿಸುವ ಹೊಣೆಯಿಂದ ನುಣುಚಿಕೊಳ್ಳುವುದಿಲ್ಲವೇ? ಜಾನ್ ಸ್ಟುವರ್ಟ್ ಅವರ ಹರಿತವಾದ ರಾಜಕೀಯ ವಿಡಂಬನೆಯ ಪಕ್ಕದಲ್ಲಿಟ್ಟರೆ ಓಬ್ರಯನ್ ಸೌಮ್ಯರಾಗಿಯೇ ಕಾಣುತ್ತಾರೆ. ಇದು ಅವರ ಮಿತಿಯೆಂದೇ ನಾನು ಬಹುಮಟ್ಟಿಗೆ ಒಪ್ಪುತ್ತೇನೆ.

ಬಹುಮಟ್ಟಿಗೆ ಎಂದೆನಷ್ಟೆ. 2010ರಿಂದ 2021ರ ವರೆಗೆ ಟಿಬಿಎಸ್ ವಾಹಿನಿಯಲ್ಲಿದ್ದಾಗ, 2015ರಲ್ಲಿ ಕ್ಯೂಬಾದಿಂದ ಮೊದಲ್ಗೊಂಡು, ಅವರು ಕೈಗೊಂಡ ಪರದೇಶ ಪ್ರವಾಸಗಳ ಕಂತುಗಳು ಈ ಆಕ್ಷೇಪಣೆಗೆ ಒಂದಿಷ್ಟು ಉತ್ತರ ಕೊಡುತ್ತವೆ. ಅಲ್ಲಿ ಭಾಷೆ ಬಾರದ ಪೆದ್ದ ಅವರೇ, ನಗುವವರು ಸ್ಥಳೀಯರು. 2018ರ ಜನವರಿಯಲ್ಲಿ ಹೈಟಿಯಂಥ ದೇಶಗಳ ಬಗ್ಗೆ ಅಮೆರಿಕದ ಅಧ್ಯಕ್ಷರು ಕೀಳುಮಾತು ಆಡಿದರೆಂದು ವರದಿಯಾದಾಗ ಅವರು ಆ ದೇಶಕ್ಕೇ ಹೋಗಿ ಅಲ್ಲಿನ ಜನರೊಡನೆ ಬೆರೆತು ನಕ್ಕು ಬಂದರು. 2025ರ ಮಾರ್ಚ್‌ನಲ್ಲಿ ಮಾರ್ಕ್ ಟ್ವೇನ್ ಪ್ರಶಸ್ತಿ ಸ್ವೀಕರಿಸುತ್ತ, ಟ್ವೇನ್ ದಬ್ಬಾಳಿಕೆಯನ್ನು ದ್ವೇಷಿಸಿದವನು, ದುರ್ಬಲರ ಪಕ್ಷ ವಹಿಸಿದವನು ಎಂಬುದನ್ನು ನೆನಪಿಸಿದರು. ಕೇಳಿದವರಿಗೆ ಅದರ ಗುರಿ ತಿಳಿಯದೆ ಹೋಗಿರಲಾರದು.

ಅವರ ಹಾಸ್ಯವೆಲ್ಲ ಉಳಿದೀತೆಂದು ನಾನು ಹೇಳಲಾರೆ; ದಿನದ ಚಟಾಕಿ ದಿನಕ್ಕೇ ಮುಗಿಯುತ್ತದೆ. ಪರರ ಅಂಗಳದಲ್ಲಿ ನಿಂತು, ತಾನೇ ತೊದಲಿ, ಮನೆಯವರನ್ನು ನಗಿಸುವ ಆ ರೀತಿ ಮಾತ್ರ ಉಳಿಯಬೇಕಾದುದು. ಎರಡು ನುಡಿಗಳು ಒಂದೇ ಜಗಲಿಯಲ್ಲಿ ಕುಳಿತಿರುವ ಊರುಗಳಲ್ಲಿ ಅದಕ್ಕೆ ಕೆಲಸವುಂಟು.