ಠಾಣೆಗೆ ಹೋಗುವ ಸಂಘ

ಕರ್ನಾಟಕದಲ್ಲಿ ಎಚ್‌ಐವಿ ಇಳಿದ ಕಥೆಯನ್ನು ನಮ್ಮಲ್ಲಿ ಕಾಂಡೋಮಿನ ಕಥೆಯಾಗಿಯೇ ಹೇಳುತ್ತಾರೆ. 2003ರಲ್ಲಿ ಗೇಟ್ಸ್ ಪ್ರತಿಷ್ಠಾನದ ಎಚ್‌ಐವಿ ತಡೆ ಯೋಜನೆ ‘ಆವಾಹನ್’ ಬಂತು, ಕ್ಲಿನಿಕ್ ತೆರೆಯಿತು, ಕಾಂಡೋಮ್ ಹಂಚಿತು. 2011ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ, ಆರು ರಾಜ್ಯಗಳಲ್ಲಿ ಸುಮಾರು ಒಂದು ಲಕ್ಷ ಸೋಂಕು ತಪ್ಪಿತೆಂಬ ಅಂದಾಜು ಪ್ರಕಟಿಸಿದ ಮೇಲಂತೂ ಈ ಕೀರ್ತಿಗೆ ಎದುರಾಡುವವರೇ ಇಲ್ಲ. ಮೈಸೂರಿನ ಆಶೋದಯ ಸಮಿತಿಯಂಥ, ಲೈಂಗಿಕ ಕಾರ್ಯಕರ್ತೆಯರು ತಾವೇ ನಡೆಸುವ ಸಂಘಗಳಿಗೆ ಇದರಲ್ಲಿ ಸಿಕ್ಕಿದ್ದು ಹಂಚಿಕೆದಾರರ ಪಾತ್ರ. ಇದು ತೀರಾ ಅನ್ಯಾಯ.

ಸಂಘಗಳ ತುರ್ತು ನೆರವಿನ ತಂಡವನ್ನೇ ನೋಡಿ. ರಾತ್ರಿ ರೇಡ್ ಆಗುತ್ತದೆ. ಬಸ್ ಸ್ಟ್ಯಾಂಡಿನ ಹತ್ತಿರ ನಿಂತವಳ ಬ್ಯಾಗಿನಲ್ಲಿ ಕಾಂಡೋಮ್ ಸಿಕ್ಕರೆ ಅದೇ ಸಾಕ್ಷಿ. ಒಮ್ಮೆ ಹೀಗೆ ಸಿಕ್ಕಿಬಿದ್ದವಳು ಮತ್ತೆ ಅದನ್ನು ಇಟ್ಟುಕೊಂಡು ಹೊರಡುವಳೇ? ಪೊಲೀಸರ ಕಣ್ಣು ತಪ್ಪಿಸಲು ಕತ್ತಲಿಗೆ ಸರಿಯುತ್ತಾಳೆ. ಗಿರಾಕಿ ಕುಡಿದಿದ್ದಾನೋ, ಗಾಡಿಯೊಳಗೆ ಇನ್ನೆಷ್ಟು ಜನರಿದ್ದಾರೋ ನೋಡಲು ಪುರುಸೊತ್ತಿಲ್ಲದೆ ಹತ್ತಿಬಿಡುತ್ತಾಳೆ. ಅಲ್ಲಿ ಕಾಂಡೋಮಿಗೆ ಹಟ ಹಿಡಿಯುವ ಧೈರ್ಯ ಎಲ್ಲಿಂದ ಬರಬೇಕು? ಸಂಘಕ್ಕೆ ಫೋನ್ ಹೋದರೆ ಅವಳಂತೆಯೇ ದುಡಿಯುವ ಸಂಘದ ಸಹ-ಕಾರ್ಯಕರ್ತೆ, ಅಂದರೆ ಪೀರ್ ಒಬ್ಬಳು, ಬೇಕಾದರೆ ವಕೀಲರ ಜೊತೆ, ಆ ಅಪರಾತ್ರಿಯಲ್ಲೇ ಠಾಣೆಗೆ ಬರುತ್ತಾಳೆ. ಯಾವ ಸೆಕ್ಷನ್, ಮಹಿಳಾ ಪೊಲೀಸರೆಲ್ಲಿ, ಹೊಡೆದವರು ಯಾರು ಎಂದು ಕೇಳುತ್ತಾಳೆ. ತನ್ನ ಬೆನ್ನಿಗೆ ಜನರಿದ್ದಾರೆಂದು ಗೊತ್ತಾದವಳು ಬೆಳಕಿರುವ ಕಡೆ ನಿಂತು, ಗಿರಾಕಿಯ ಮುಖ ನೋಡಿ, ಬೇಡವೆನಿಸಿದರೆ ಬೇಡ ಎನ್ನಬಲ್ಲಳು. ಕ್ಲಿನಿಕ್ಕಿನ ಯಾವ ಔಷಧವೂ ಈ ಕೆಲಸ ಮಾಡಲಾರದು. ಕಾಂಡೋಮನ್ನು ಅಪರಾಧದ ಸಾಕ್ಷಿಯೆಂದು ನೋಡಬಾರದೆಂಬ ಮಾತು ಸುಪ್ರೀಂ ಕೋರ್ಟಿನ ನಿರ್ದೇಶನದಲ್ಲಿ ಬಂದದ್ದು 2022ರ ಮೇ 19ರಂದು. ಸಂಘದವರು ಅದನ್ನು ಇನ್‌ಸ್ಪೆಕ್ಟರ ಮೇಜಿನೆದುರು ಎಷ್ಟೋ ವರ್ಷ ಮೊದಲಿನಿಂದ ವಾದಿಸುತ್ತಿದ್ದರು.

ಸಂಘವೆಂದರೆ ಘರ್‌ವಾಲಿಯರ, ಅಂದರೆ ವೇಶ್ಯಾಗೃಹ ನಡೆಸುವವರ, ಮುಖವಾಡ ಎನ್ನುವ ವಿಮರ್ಶಕರಿದ್ದಾರೆ. ಅವರ ಕಾಳಜಿಯನ್ನು ನಾನು ಅನುಮಾನಿಸುವುದಿಲ್ಲ, ಆದರೆ ಅವರು ಮುಂಬಯಿಯ ವೇಶ್ಯಾಗೃಹಗಳ ಕೇರಿ ಕಾಮಾಟಿಪುರದ ಚಿತ್ರ ತಂದು ಮೈಸೂರಿಗೆ ಅಂಟಿಸುತ್ತಿದ್ದಾರೆ. ಕರ್ನಾಟಕದ ಬಹುಪಾಲು ಹೆಂಗಸರು ದುಡಿಯುವುದು ರಸ್ತೆ, ಲಾಡ್ಜು, ತಮ್ಮ ಮನೆಗಳಿಂದ. ಅಲ್ಲಿ ಯಾವ ಘರ್‌ವಾಲಿ? ವೇಶ್ಯಾಗೃಹಗಳೇ ಇರುವ ಮಹಾರಾಷ್ಟ್ರದ ಸಾಂಗ್ಲಿಯಲ್ಲೂ ಲೈಂಗಿಕ ಕಾರ್ಯಕರ್ತೆಯರದೇ ಆದ ‘ವ್ಯಾಂಪ್’ ಸಂಘಟನೆ 1996ರಿಂದ ಇದೆ; ಅದರ ಎಷ್ಟೋ ಸದಸ್ಯೆಯರ ಮನೆಮಾತು ಕನ್ನಡ. ಈ ಹೆಂಗಸರ ಜೊತೆ ಕೂತು ಮಾತಾಡದೆ, ಅವರ ಪರವಾಗಿ ಅವರ ಸಂಘವನ್ನೇ ತಳ್ಳಿಹಾಕುವ ಸ್ತ್ರೀವಾದ ನನಗೆ ಒಪ್ಪಿಗೆಯಿಲ್ಲ.

ಪೀರ್‌ಗಳಿಗೆ ಗೌರವಧನ ಕಡಿಮೆ, ರಿಜಿಸ್ಟರ್ ತುಂಬುವ ಹೊರೆ ಹೆಚ್ಚು ಎಂಬ ದೂರು ಮಾತ್ರ ನಿಜ. ಅದಕ್ಕೆ ಉತ್ತರ ಕೊಡಬೇಕಾದವರು ಎಚ್‌ಐವಿ ತಡೆ ಯೋಜನೆಗಳಿಗೆ ಹಣ ಹಂಚುವವರು. ಅಪರಾತ್ರಿಯಲ್ಲಿ ಠಾಣೆಗೆ ಹೋಗುವ ಪೀರ್‌ಗೆ ಸಂಬಳ ಕೊಡಲಿ, ಆಟೋ ಖರ್ಚನ್ನೂ ಕೊಡಲಿ.